ಗೋಡೆಯಾಚೆಯ ರಸ್ತೆ

1962ರಲ್ಲಿ ಹುಬ್ಬಳ್ಳಿ, ಧಾರವಾಡ ಒಂದೇ ಪಾಲಿಕೆಯಾದವು. ನಡುವಿನ ಸತ್ತೂರದ ಸುತ್ತ ಹೊಲಗಳು ಬಡಾವಣೆಗಳಾಗಿವೆ. ನಗರದ ಹರಹನ್ನು ನಾವು ಎಕರೆಗಳಲ್ಲಿ ಅಳೆಯುತ್ತೇವೆ. ರಸ್ತೆಗಳು ಪರಸ್ಪರ ಎಷ್ಟು ಕೂಡುತ್ತವೆ ಎಂಬುದು ಅದಕ್ಕಿಂತ ಸೂಕ್ಷ್ಮವಾದ ಅಳತೆಗೋಲು. ಬ್ಯಾರಿಂಗ್ಟನ್-ಲೀ ಮತ್ತು ಮಿಲಾರ್ಡ್-ಬಾಲ್ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದ ಆಧಾರ ಇದೇ. ಅದರ ಒಂದು ಅಂಶ ಸರಳ: ನಾಲ್ಕು ದಾರಿ ಕೂಡುವಲ್ಲಿ ನಾಲ್ಕು ಅಂಕ, ಮುಂದೆ ದಾರಿಯಿಲ್ಲದ ಓಣಿಯ ತುದಿಗೆ ಒಂದೇ ಅಂಕ. ಜಗತ್ತಿನ ಬಹುಭಾಗದಲ್ಲಿ ಹೊಸ ಬಡಾವಣೆಗಳ ಕೂಡುವಿಕೆ ಕುಗ್ಗುತ್ತಿದೆ ಎಂದು ಅವರು ಕಂಡುಕೊಂಡರು.

ಒಬ್ಬರ ಜಮೀನಿನ ಅಂಚಿಗೆ ರಸ್ತೆ ನಿಂತರೆ, ಗೋಡೆಯಾಚೆಯೇ ಇನ್ನೊಂದು ರಸ್ತೆಯಿದ್ದರೂ ನಿವಾಸಿ ಸುತ್ತಿ ಬಳಸಿ ಹೆದ್ದಾರಿಗೆ ಬರಬೇಕು. 2018ರಲ್ಲಿ ಆರಂಭವಾದ ಚಿಗರಿ ಬಸ್ಸಿನ ನಿಲ್ದಾಣ ಕಣ್ಣಿಗೆ ಹತ್ತಿರವಿದ್ದರೂ ಕಾಲಿಗೆ ದೂರವಾಗುತ್ತದೆ. ಮನೆಗೊಂದು ಸ್ಕೂಟರು ಅನಿವಾರ್ಯವಾಗುತ್ತದೆ. ಗೋಡೆಯ ಲಾಭ ಒಬ್ಬರದು, ಸುತ್ತುದಾರಿಯ ವೆಚ್ಚ ಎಲ್ಲರದು.

ಬಡಾವಣೆ ರಚನೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೇಳುತ್ತದೆ. ಸೇವೆಯಲ್ಲಿದ್ದಾಗ ಪಕ್ಕದ ಜಮೀನನ್ನು ನೋಡದೆ ನಕ್ಷೆಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಇನ್ನಾದರೂ ಎರಡು ನಕ್ಷೆಗಳನ್ನು ಜೋಡಿಸಿ ನೋಡಿಯೇ ಒಪ್ಪಿಗೆ ಕೊಡಬೇಕು. ಕಟ್ಟಡವನ್ನು ಕೆಡವಿ ಕಟ್ಟಬಹುದು. ರಸ್ತೆಯ ಗೆರೆ ತಲೆಮಾರುಗಳು ಕಳೆದರೂ ಅಳಿಯದು.