ಟ್ಯಾಕ್ಸಿಯಿಂದ ಗುಡ್ಡಕ್ಕೆ ಹೋದ ರೇಡಿಯೋ

ಇವತ್ತು ಹ್ಯಾಮ್ ರೇಡಿಯೋ. ಜೀವಶಾಸ್ತ್ರದವರಿಗೆ ಇದೆಲ್ಲ ಯಾಕೆ ಅಂತೀರಾ? ನಡುವೆ ಒಂದು ಬಾವಲಿ ಬರುತ್ತೆ, ತಾಳಿ.

ಅಮೆರಿಕದಲ್ಲಿ 2013ರ ಜನವರಿ 1ರಿಂದ ಟ್ಯಾಕ್ಸಿ, ಅಗ್ನಿಶಾಮಕ ಮುಂತಾದವರ ಬಹುಪಾಲು ರೇಡಿಯೋ ಚಾನೆಲ್‌ಗಳ ಅಗಲ 25 ಕಿಲೋಹರ್ಟ್ಜ್‌ನಿಂದ 12.5ಕ್ಕೆ ಇಳಿಯಿತು. ಇಳಿಯಲಾರದ ಹಳೇ ಸೆಟ್ಟುಗಳು ಮೂಲೆ ಸೇರಿದವು. ಹವ್ಯಾಸಿಗಳಿಗೆ ಆ ನಿಯಮವಿಲ್ಲ. ಮೋಟೊರೋಲಾ ಮ್ಯಾಕ್ಸ್‌ಟ್ರ್ಯಾಕ್‌ನಂಥವನ್ನು ಎತ್ತಿಕೊಂಡರು. ನಮ್ಮ ಕ್ಲಬ್ಬಿನವರೂ ಎರಡು ತಂದೆವು.

ಒಂದು ಕೇಳಬೇಕು, ಇನ್ನೊಂದು ಅದನ್ನೇ ಜೋರಾಗಿ ಮರುಪ್ರಸಾರ ಮಾಡಬೇಕು. ಇದೇ ರಿಪೀಟರ್. ಧ್ವನಿಗೊಂದು ತಂತಿ, 'ಯಾರೋ ಮಾತಾಡ್ತಿದ್ದಾರೆ, ಆನ್ ಆಗು' ಅನ್ನೋಕೆ ಇನ್ನೊಂದು. ಜೊತೆಗೆ ಹತ್ತು ನಿಮಿಷಕ್ಕೊಮ್ಮೆ ಗುರುತು ಸಾರುವ ಪುಟ್ಟ ಸರ್ಕ್ಯೂಟು. ಅಷ್ಟು ಸುಲಭ.

ಕಷ್ಟ ಆಂಟೆನಾದಲ್ಲಿ. ಒಂದೇ ಆಂಟೆನಾದಿಂದ 25 ವಾಟ್ ಹೊರಡುವಾಗಲೇ ಕಾಲು ಮೈಕ್ರೋವೋಲ್ಟಿನ ಪಿಸುಮಾತು ಕೇಳಿಸಬೇಕು. ಹೋಗೋದು ಬರೋದಕ್ಕಿಂತ ಸುಮಾರು 20,000 ಲಕ್ಷ ಕೋಟಿ ಪಟ್ಟು ಬಲ! ಪಶ್ಚಿಮಘಟ್ಟದಲ್ಲೂ ಇರುವ ಕುದುರೆಲಾಳ ಮೂಗಿನ ಬಾವಲಿಗೂ ಇದೇ ಫಜೀತಿ. ಅದು ಹಾರುತ್ತಾ ತನ್ನ ಕೂಗಿನ ಸ್ವರ ತಗ್ಗಿಸುತ್ತೆ. ಪ್ರತಿಧ್ವನಿ ಮಾತ್ರ ಏರಿದ ಸ್ವರದಲ್ಲಿ, ಕಿವಿ ಅತಿ ಚುರುಕಾಗಿರುವ ಕಂಪನಾಂಕದಲ್ಲೇ ಮರಳುತ್ತೆ. ನಾವೂ 5 ಮೆಗಾಹರ್ಟ್ಜ್ ಅಂತರ ಇಟ್ಟು, ನಡುವೆ ಡ್ಯೂಪ್ಲೆಕ್ಸರ್ ಕೂರಿಸಿದೆವು. ಒಂದು ಕಂಪನಾಂಕ ಬಿಟ್ಟು ಇನ್ನೊಂದನ್ನು ತಡೆಯುವ ಲೋಹದ ಡಬ್ಬಿಗಳ ಸಾಲು ಅದು. ಎರಡು ರೇಡಿಯೋಗಿಂತ ದುಬಾರಿ ಬಿತ್ತು.

ಆದರೆ ಕೈಕೊಟ್ಟಿದ್ದು ಡಬ್ಬಿಯಲ್ಲ, ನಮ್ಮ ಸೋಮಾರಿತನ. ಕಾರಿನ ರೇಡಿಯೋ ಚುಟುಕು ಮಾತಿಗೆ ಮಾಡಿದ್ದು, ಗಂಟೆಗಟ್ಟಲೆ ಹರಟೆಗಲ್ಲ. ಫ್ಯಾನ್ ಹಾಕೋಣ ಅಂತ ಹಿರಿಯರೊಬ್ಬರು ಹೇಳಿದ್ದರು. ಆಮೇಲೆ ನೋಡೋಣ ಸರ್ ಅಂದಿದ್ದೆವು.

ಬಿರುಗಾಳಿಯ ರಾತ್ರಿ ಕರೆಂಟಿಲ್ಲ, ಮೊಬೈಲೂ ಸತ್ತಿತ್ತು. ಒಬ್ಬರ ಹಿಂದೆ ಒಬ್ಬರು ಮಾತಾಡಿದರು. ನಲವತ್ತು ನಿಮಿಷಕ್ಕೆ, ಯಾರೋ ಪಕ್ಕದ ಮನೆ ಅಜ್ಜಿಯ ಆಕ್ಸಿಜನ್ ಯಂತ್ರದ ಬ್ಯಾಟರಿ ಮುಗೀತಿದೆ ಅಂತ ವಿಳಾಸ ಹೇಳ್ತಿರುವಾಗಲೇ, ರಿಪೀಟರ್ ನಿಂತಿತು. ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿತ್ತು. ಹತ್ತಿರದಲ್ಲಿದ್ದ ಇನ್ನೊಬ್ಬರು ಥಟ್ಟನೆ ರಿಪೀಟರ್ ಕೇಳುವ ಕಂಪನಾಂಕಕ್ಕೇ ತಿರುಗಿಸಿ ನೇರವಾಗಿ ವಿಳಾಸ ಹಿಡಿದರು, ಕಾರು ಹತ್ತಿ ಫೈರ್ ಸ್ಟೇಷನ್ನಿಗೆ ಹೋದರು. ಅಜ್ಜಿ ಉಳಿದರು.

ಈಗ 10 ವಾಟ್‌ಗೆ ಇಳಿಸಿದ್ದೇವೆ. 4 ಡೆಸಿಬೆಲ್ ನಷ್ಟ, ಹೆಚ್ಚಿನವರಿಗೆ ಗೊತ್ತೇ ಆಗಿಲ್ಲ. ಎರಡು ಫ್ಯಾನೂ ಇವೆ. ಹಿರಿಯರು ಒಂದೇ ಕೇಳಿದ್ದರು.