ದೋಣಿಗೆ ಎರಡು ಡಬ್ಬಿಯ ಬಣ್ಣ
ಪ್ರಶ್ನೆ: ಹಲಸೂರು ಕೆರೆಯ ದೋಣಿಗಳನ್ನು ನೋಡಿ ಆಸೆಯಾಗಿ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡಿದ್ದೇವೆ. ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಬಣ್ಣವನ್ನು ಮನೆಯಲ್ಲೇ ಹಚ್ಚಬಹುದೇ?
– ಓದುಗರು, ಶಿವಾಜಿನಗರ

ಉತ್ತರ: ಹಚ್ಚಬಹುದು, ಆದರೆ ಬ್ರಷ್ ಅಥವಾ ರೋಲರ್‌ನಿಂದ ಮಾತ್ರ. ದಯವಿಟ್ಟು ಸ್ಪ್ರೇ ಮಾಡಬೇಡಿ. ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಉಸಿರಿಗೆ ಸೇರಿದರೆ ಆಸ್ತಮಾ ಬರಬಹುದು. ಶಿವಾಜಿನಗರದಂತೆ ಗೋಡೆಗೆ ಗೋಡೆ ತಾಗಿದ ಮನೆಗಳಿರುವಲ್ಲಿ ಪಕ್ಕದ ಮನೆಯ ಮಗುವೂ ಅದೇ ಗಾಳಿಯನ್ನು ಉಸಿರಾಡುತ್ತದೆ.

ಈ ಬಣ್ಣ ಬರೀ ಆರಿ ಒಣಗುವುದಿಲ್ಲ, ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಬರೆದ ಅಳತೆ ತಪ್ಪಬಾರದು. ಕಲಸಿ ಉಳಿದದ್ದನ್ನು ಮರಳಿ ಡಬ್ಬಿಗೆ ಸುರಿಯಬಾರದು. ಹಾರ್ಡನರ್ ತೇವದೊಂದಿಗೂ ಬೆರೆತು ಹೊಳಪನ್ನು ಮಂಕಾಗಿಸುವುದರಿಂದ ಮಳೆಗಾಲ ಕಳೆಯಲಿ. ದೋಣಿಯನ್ನು ಸದಾ ನೀರಿನಲ್ಲೇ ಕಟ್ಟಿಡುವುದಾದರೆ ನೀರಿನ ಮಟ್ಟದ ಕೆಳಗೆ ಇದು ಬೇಡ, ಗುಳ್ಳೆ ಏಳುತ್ತದೆ. ಅಲ್ಲಿಗೆ ಎಪಾಕ್ಸಿಯೇ ಸರಿ.