ಗಣಕಯಂತ್ರಕ್ಕೂ ಬೇಸಿಗೆ ಬರುತ್ತದೆ

ತೆಲುಗಿನ 'ವೇಸವಿ'ಯೂ ನಮ್ಮ 'ಬೇಸಿಗೆ'ಯೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಅವರ 'ವೇಡಿ' ನಮ್ಮ 'ಬೇಗೆ'ಯ ಹತ್ತಿರದ ಬಂಧು. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಆಡಿ ಬೆಳೆದ ನಿಮಗೆ ಎರಡೂ ಒಂದೇ ಎಂದು ನಾನು ಹೇಳಬೇಕಾಗಿಲ್ಲ. ಅಚ್ಯುತಾಪುರಂನಿಂದ ವಿಜಯವಾಡದವರೆಗೆ ಏಪ್ರಿಲ್ ಬಂತೆಂದರೆ ಮನುಷ್ಯರು ಫ್ಯಾನಿನ ಕೆಳಗೆ ಸೇರಿಕೊಳ್ಳುತ್ತಾರೆ. ಆದರೆ ಮೂಲೆಯ ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಕುಳಿತ ಗಣಕಯಂತ್ರದ ಬೇಗೆಯನ್ನು ಕೇಳುವವರು ಯಾರು? ಅದು ಮೊದಲು ಗೊರಗೊರ ಸದ್ದು ಮಾಡುತ್ತದೆ, ಆಮೇಲೆ ಆಮೆಯಂತೆ ನಿಧಾನವಾಗುತ್ತದೆ, ಕೊನೆಗೊಂದು ದಿನ ನಿಮ್ಮ ಅರ್ಧ ಮುಗಿದ ಕೆಲಸವನ್ನು ನುಂಗಿ ಟಪ್ಪನೆ ಆರಿಹೋಗುತ್ತದೆ. ಆಗ ಅದನ್ನು ಅಂಗಡಿಗೆ ಹೊತ್ತೊಯ್ಯುವ ಮೊದಲು ನೀವೇ ಏನೇನು ನೋಡಬಹುದು ಎಂಬುದೇ ಈ ಲೇಖನದ ವಿಷಯ.

ಮೊದಲಿಗೆ ಒಂದು ಮಾತಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ಇಡೀ ಡಬ್ಬಿಗೇ 'ಸಿ.ಪಿ.ಯು.' ಎನ್ನುವ ರೂಢಿ ಇದೆ. ನಿಜವಾದ ಸಿ.ಪಿ.ಯು. ಎಂದರೆ ಆ ಡಬ್ಬಿಯೊಳಗಿನ ಮದರ್‌ಬೋರ್ಡಿನ ಮೇಲೆ ಕುಳಿತಿರುವ ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ರೊಸೆಸರ್. ಡಬ್ಬಿಗೆ ಕ್ಯಾಬಿನೆಟ್ ಎನ್ನಬೇಕು, ವಿದ್ಯುತ್ ಒದಗಿಸುವ ಪೆಟ್ಟಿಗೆಗೆ ಎಸ್.ಎಂ.ಪಿ.ಎಸ್. ಎನ್ನಬೇಕು. ಅಂಗಡಿಯವರು 'ಸಿ.ಪಿ.ಯು. ಹೋಗಿದೆ' ಎಂದರೆ 'ಯಾವುದು, ಒಳಗಿನದೋ ಹೊರಗಿನದೋ?' ಎಂದು ಕೇಳಿ. ಈ ಒಂದು ಪ್ರಶ್ನೆಗೇ ಹಲವು ಸಾವಿರ ರೂಪಾಯಿ ಬೆಲೆ ಇದೆ.

ಅಷ್ಟು ಸಣ್ಣ ವಸ್ತು ಇಷ್ಟೇಕೆ ಕಾಯುತ್ತದೆ? ಇಸ್ತ್ರಿಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಅದು ಸಾವಿರ ವ್ಯಾಟ್ ಉರಿದರೂ ಆ ಶಾಖ ಅಂಗೈಗಿಂತ ದೊಡ್ಡ ತಳದ ಮೇಲೆ ಹರಡಿಹೋಗುತ್ತದೆ. ಪ್ರೊಸೆಸರಿನಲ್ಲಾದರೋ ನೂರು ವ್ಯಾಟ್ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಏಳುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಹಿಡಿಯುವ ಕಡ್ಡಿ ಬರೀ 25 ವ್ಯಾಟಿನದು ಎಂದರೆ ನಿಮಗೇ ಅರ್ಥವಾದೀತು.

ಇದು ಒಂದೇ ದಿನದಲ್ಲಿ ಬಂದ ಕಷ್ಟವಲ್ಲ. ನಿಮ್ಮ ಅಪ್ಪಂದಿರು ಕಲಿತ 486 ಯಂತ್ರಗಳಲ್ಲಿ ಎಷ್ಟೋ ಯಂತ್ರಗಳ ಪ್ರೊಸೆಸರಿಗೆ ಫ್ಯಾನೇ ಇರಲಿಲ್ಲ. 1993ರಲ್ಲಿ ಬಂದ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ತಿಂದಾಗಲೇ 'ಅಬ್ಬಾ, ಏನು ಬಿಸಿ' ಎಂದರು. 2004ರ ಪೆಂಟಿಯಂ 4 'ಪ್ರೆಸ್ಕಾಟ್' 115 ವ್ಯಾಟಿಗೆ ಮುಟ್ಟಿತು. ಅದರ ಮುಂದಿನ ಪ್ರೊಸೆಸರನ್ನು ಇಂಟೆಲ್ ಅದೇ ವರ್ಷ ಅರ್ಧಕ್ಕೇ ಕೈಬಿಟ್ಟಿತು. ವೇಗ ಏರಿಸುತ್ತ ಹೋದರೆ ಶಾಖವನ್ನು ಹೊರಹಾಕುವ ದಾರಿಯೇ ಉಳಿಯುವುದಿಲ್ಲವೆಂದು ಅವರಿಗೆ ಮನವರಿಕೆಯಾಗಿತ್ತು. ಒಂದೇ ಪ್ರೊಸೆಸರಿನಲ್ಲಿ ಎರಡು, ನಾಲ್ಕು 'ಕೋರ್'ಗಳನ್ನಿಡುವ ಕಾಲ ಬಂದುದರಲ್ಲಿ ಈ ಬೇಗೆಯ ಪಾಲು ದೊಡ್ಡದು. ಹಾಗೆಂದು ಶಾಖ ತಗ್ಗಿತೇ? 2022ರ ಕೋರ್ ಐ9-13900ಕೆ ಪೂರ್ತಿ ಓಟದಲ್ಲಿ 253 ವ್ಯಾಟ್ ತನಕ ಎಳೆಯುತ್ತದೆ! ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 'ಪರಮ್ ಪ್ರವೇಗ' ಎಂಬ ಮಹಾಗಣಕದಂಥ ಯಂತ್ರಗಳಲ್ಲಿ ಬರೀ ಗಾಳಿ ಸಾಲದೆ, ಪ್ರೊಸೆಸರಿನ ಪಕ್ಕದಲ್ಲೇ ಕೊಳವೆಯಲ್ಲಿ ನೀರು ಹರಿಸಿ ಶಾಖ ಒಯ್ಯುತ್ತಾರೆ.

ಹಳೆಯ ಪ್ರೊಸೆಸರುಗಳಿಗೆ ತಮ್ಮ ಜೀವದ ಮೇಲೆ ಎಚ್ಚರವಿರಲಿಲ್ಲ. 2001ರಲ್ಲಿ 'ಟಾಮ್ಸ್ ಹಾರ್ಡ್‌ವೇರ್' ಎಂಬ ಪರೀಕ್ಷಕರ ತಂಡ, ಓಡುತ್ತಿರುವ ಯಂತ್ರಗಳಿಂದ ಹೀಟ್‌ಸಿಂಕನ್ನು ಕಿತ್ತು ಚಿತ್ರೀಕರಿಸಿತು. ಎ.ಎಂ.ಡಿ.ಯವರ ಅಥ್ಲಾನ್ ಕ್ಷಣಮಾತ್ರದಲ್ಲಿ ಹೊಗೆಯಾಡಿ ಸತ್ತಿತು. ಪೆಂಟಿಯಂ 4 ಮಾತ್ರ ವೇಗ ತಗ್ಗಿಸಿಕೊಂಡು ಉಸಿರಾಡುತ್ತಿತ್ತು. ಈಗಿನ ಪ್ರೊಸೆಸರುಗಳೆಲ್ಲ ಹೀಗೆಯೇ. 95 ಅಥವಾ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತಾವಾಗಿಯೇ ನಿಧಾನವಾಗುತ್ತವೆ, ಅದಕ್ಕೂ ಮೀರಿದರೆ ವಿದ್ಯುತ್ತನ್ನೇ ಕಡಿದುಕೊಳ್ಳುತ್ತವೆ. ಆದ್ದರಿಂದ ಯಂತ್ರ ತಾನಾಗಿ ಆರಿತೆಂದರೆ ಅದು ಸತ್ತಿತು ಎಂದಲ್ಲ, ಸಾಯದಿರಲು ಕಣ್ಣು ಮುಚ್ಚಿತು ಎಂದರ್ಥ.

ಈಗ ನಮ್ಮ ಊರಿನ ಲೆಕ್ಕ. ಪ್ರೊಸೆಸರಿನ ಬಿಸಿ ಎಂದರೆ ಕ್ಯಾಬಿನೆಟ್ ಒಳಗಿನ ಗಾಳಿಯ ಬಿಸಿಗೆ, ವ್ಯಾಟ್ ಮತ್ತು ಹೀಟ್‌ಸಿಂಕಿನ ತಡೆಯನ್ನು ಗುಣಿಸಿ ಸೇರಿಸಿದ ಮೊತ್ತ. ಉದಾಹರಣೆಗೆ, ಸಾಧಾರಣ ಹೀಟ್‌ಸಿಂಕ್ ಪ್ರತಿ ವ್ಯಾಟಿಗೆ 0.4 ಡಿಗ್ರಿ ಏರಲು ಬಿಡುತ್ತದೆ ಎನ್ನಿ. 65 ವ್ಯಾಟ್ ಎಂದು ಬರೆದಿರುವ ಕೋರ್ ಐ5-12400 ಭಾರವಾದ ಕೆಲಸದಲ್ಲಿ 117 ವ್ಯಾಟ್ ತನಕ ಹೋಗಬಲ್ಲದು. ಗುಣಿಸಿದರೆ 47 ಡಿಗ್ರಿ. ಒಳಗಿನ ಗಾಳಿ 30 ಡಿಗ್ರಿ ಇದ್ದರೆ ಒಟ್ಟು 77, ಚಿಂತೆಯಿಲ್ಲ. ಮೇ ತಿಂಗಳ ಮಧ್ಯಾಹ್ನ ಒಳಗಿನ ಗಾಳಿ 42 ಆಯಿತೋ, 89. ಅದರ ಮೇಲೆ ಧೂಳು ಕೂತು 0.4 ಎಂಬುದು 0.6 ಆದರೆ 112! ಅಷ್ಟು ಏರಲು ಪ್ರೊಸೆಸರ್ ಬಿಡುವುದಿಲ್ಲ, ಆದ್ದರಿಂದ ಕುಂಟತೊಡಗುತ್ತದೆ. ವಿಜಯವಾಡದಲ್ಲಿ 45 ಡಿಗ್ರಿ ದಾಟುವ ದಿನಗಳೂ ಉಂಟು. ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಅದೇ ಯಂತ್ರ ತಣ್ಣಗೆ ಓಡುವುದರ ಗುಟ್ಟು ಇಷ್ಟೇ, ಚಿಕ್ಕಪ್ಪನ ಜಾಣತನವೇನಲ್ಲ.

ಕಡಲ ತೀರದವರಿಗೆ ಇನ್ನೊಂದು ಕಾಟ. ಪೂಡಿಮಡಕದ ಕಡೆಯಿಂದ ಬೀಸುವ ಗಾಳಿಯಲ್ಲಿ ಉಪ್ಪೂ ಇದೆ, ತೇವವೂ ಇದೆ. ಒಣ ಊರಿನಲ್ಲಿ ಧೂಳು ಬುರುಷಿಗೆ ಉದುರುತ್ತದೆ. ಇಲ್ಲಿ ಅದು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಅಂಟಿಕೊಳ್ಳುತ್ತದೆ.

ಆದರೆ ಆರಿಹೋಗುವ ಯಂತ್ರವೆಲ್ಲ ಬಿಸಿಯಿಂದಲೇ ಆರುತ್ತದೆ ಎಂದುಕೊಳ್ಳಬೇಡಿ. ಬೆಳಿಗ್ಗೆ ತಣ್ಣಗಿದ್ದಾಗ ಇಪ್ಪತ್ತು ನಿಮಿಷ ಓಡಿ, ಆರಿದ ಕೂಡಲೇ ಮತ್ತೆ ಹಚ್ಚಿದರೆ ಎರಡೇ ನಿಮಿಷಕ್ಕೆ ಆರುತ್ತದೆಯೇ? ಅದು ಬಿಸಿಯ ಲಕ್ಷಣ. ಭಾರದ ಕೆಲಸ ಶುರುವಾದ ಕ್ಷಣವೇ ದಪ್ಪೆಂದು ಆರಿದರೆ ಎಸ್.ಎಂ.ಪಿ.ಎಸ್. ಮೇಲೆ ಅನುಮಾನ ಪಡಿ. ನೀಲಿ ಪರದೆ ಬಂದು ನಿಂತರೆ ಮೆಮೊರಿಯಿಂದ ಹಿಡಿದು ತಂತ್ರಾಂಶದವರೆಗೆ ಕಾರಣಗಳು ಬೇರೆ ಬೇರೆ. ಊಹೆಗಿಂತ ಅಳತೆ ಮೇಲು. ಯಂತ್ರ ಹಚ್ಚಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿ ಒತ್ತಿ ಬಯಾಸ್ ಪರದೆಗೆ ಹೋದರೆ ಅಲ್ಲಿಯೇ ಪ್ರೊಸೆಸರಿನ ಬಿಸಿಯೂ ಫ್ಯಾನಿನ ವೇಗವೂ ಕಾಣುತ್ತವೆ. ವಿಂಡೋಸ್ ಒಳಗೆ ನೋಡಲು 'ಕೋರ್ ಟೆಂಪ್', 'ಎಚ್‌ಡಬ್ಲ್ಯೂ ಮಾನಿಟರ್' ಎಂಬ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಸುಮ್ಮನಿದ್ದಾಗ 35ರಿಂದ 50, ದುಡಿಯುವಾಗ 70ರಿಂದ 85 ಇದ್ದರೆ ನೆಮ್ಮದಿಯಾಗಿರಿ. ಎ.ಎಂ.ಡಿ.ಯ ರೈಜನ್ 7000 ಸಾಲಿನ ಕೆಲವು ದೊಡ್ಡ ಪ್ರೊಸೆಸರುಗಳು ಭಾರದ ಕೆಲಸದಲ್ಲಿ 95 ಮುಟ್ಟುವಂತೆಯೇ ತಯಾರಾದವು. ಅವುಗಳನ್ನು ನೋಡಿ ಗಾಬರಿ ಬೇಡ. ಆದರೆ ಏನೂ ಕೆಲಸವಿಲ್ಲದ ಬಯಾಸ್ ಪರದೆಯಲ್ಲೇ ಅಂಕಿ ಸರಸರನೆ 80, 90 ಎಂದು ಏರಿದರೆ ಹೀಟ್‌ಸಿಂಕ್ ಪ್ರೊಸೆಸರನ್ನು ಮುಟ್ಟುತ್ತಿಲ್ಲ, ಇಲ್ಲವೇ ಫ್ಯಾನ್ ತಿರುಗುತ್ತಿಲ್ಲ.

ಇಂಥದೇ ಒಂದು ಪ್ರಸಂಗ. ಬಳ್ಳಾರಿಯಿಂದ ವರ್ಗವಾಗಿ ಅಚ್ಯುತಾಪುರಂ ಕಡೆಗೆ ಬಂದ ನಮ್ಮವರ ಕುಟುಂಬವೊಂದರ ಹುಡುಗಿ, ಇಂಜಿನಿಯರಿಂಗ್ ಕೊನೆಯ ವರ್ಷದವಳು, ಫೋನಿನಲ್ಲಿ 'ಬೋರ್ಡು ಪೋಯಿಂದಂತೆ ಅಂಕಲ್' ಎಂದಳು. ಪ್ರಾಜೆಕ್ಟ್ ಒಪ್ಪಿಸಲು ನಾಲ್ಕೇ ದಿನ. ಯಂತ್ರ ಹತ್ತು ನಿಮಿಷವೂ ನಿಲ್ಲದ ಕಾರಣ ಕಡತಗಳನ್ನು ಹೊರತೆಗೆಯಲೂ ಆಗಿರಲಿಲ್ಲ. ಅಂಗಡಿಯವರು ಹೊಸ ಮದರ್‌ಬೋರ್ಡಿಗೆ ಒಂಬತ್ತು ಸಾವಿರ ಕೇಳಿದ್ದರು, ಅಪ್ಪ ಕೊಡಲು ಸಿದ್ಧರಾಗಿದ್ದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ! ಮೊದಲು ಎಸ್.ಎಸ್.ಡಿ.ಯನ್ನು ಬಿಚ್ಚಿ, ಯು.ಎಸ್.ಬಿ. ಡಬ್ಬಿಯೊಂದರಲ್ಲಿ ಹಾಕಿ, ಪಕ್ಕದ ಮನೆಯ ಲ್ಯಾಪ್‌ಟಾಪಿಗೆ ಜೋಡಿಸಿ ಪ್ರಾಜೆಕ್ಟನ್ನು ಉಳಿಸಿಕೊಂಡೆವು. ರೋಗ ಯಾವುದೇ ಇರಲಿ, ಮೊದಲು ಮಾಡಬೇಕಾದ ಕೆಲಸ ಇದು. ಆಮೇಲೆ ಬಯಾಸ್ ಪರದೆ ನೋಡಿದರೆ ನಾಲ್ಕು ನಿಮಿಷದಲ್ಲಿ 97 ಡಿಗ್ರಿ. ಕ್ಯಾಬಿನೆಟಿನ ಪಕ್ಕದ ತಗಡು ತೆಗೆದು ಹೀಟ್‌ಸಿಂಕನ್ನು ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿದೆವು, ಅಲುಗಾಡಿತು. ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಲಾರಿಯ ಕುಲುಕಾಟಕ್ಕೆ ಎದ್ದು ನಿಂತಿತ್ತು. ಅಷ್ಟೇ! ಪೇಸ್ಟಿಗೆ ನೂರೈವತ್ತು ರೂಪಾಯಿ ಖರ್ಚಾಯಿತು. ಮತ್ತೆ ಹಚ್ಚಿದಾಗ ಅಂಕಿ 46ಕ್ಕೆ ಬಂದು ನಿಂತಿತು.

ಹಾಗಾದರೆ ಬಿಚ್ಚುವುದು ಹೇಗೆ? ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿದುಹೋಗಲು ಬಿಡಿ. ಕ್ಯಾಬಿನೆಟಿನ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗಿನ ಕೆಪಾಸಿಟರುಗಳು ಜೋರಾಗಿ ಹೊಡೆಯಬಲ್ಲವು. ಯಂತ್ರವನ್ನು ಜಗಲಿಗೋ ಬಾಲ್ಕನಿಗೋ ಒಯ್ದು, ಒಣ ಬುರುಷಿನಿಂದ ಧೂಳು ಸಡಿಲಿಸಿ, ಬ್ಲೋಯರಿನಿಂದ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು, ಇಲ್ಲವಾದರೆ ಅದು ಅಳತೆ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಒದ್ದೆ ಬಟ್ಟೆ ಬೇಡವೇ ಬೇಡ. (ಅಮ್ಮನ ಕಣ್ಣಿಗೆ ಬೀಳದಂತೆ ಮಾಡಬೇಕು, ಅಷ್ಟು ಧೂಳು ಬರುತ್ತದೆ.) ಧೂಳು ತೆಗೆದ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ಹಲವು ಸುತ್ತು ಬಾರದೆ ತಟ್ಟನೆ ನಿಂತರೆ ಅದರ ಆಯುಸ್ಸು ಮುಗಿಯಿತು. ಅದರ ತಂತಿ ಮದರ್‌ಬೋರ್ಡಿನಲ್ಲಿ 'ಸಿ.ಪಿ.ಯು. ಫ್ಯಾನ್' ಎಂದು ಬರೆದಿರುವ ಕಡೆಯೇ ಸೇರಿರಬೇಕು.

ಇಷ್ಟಕ್ಕೂ ಬಿಸಿ ಇಳಿಯದಿದ್ದರೆ ಪೇಸ್ಟಿನ ಸರದಿ. ಪ್ರೊಸೆಸರಿನ ತಲೆಯೂ ಹೀಟ್‌ಸಿಂಕಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮ ಹಳ್ಳದಿಣ್ಣೆಗಳಿವೆ, ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಗಾಳಿಗೆ ಶಾಖ ಸಾಗಿಸುವ ಶಕ್ತಿ ತೀರಾ ಕಡಿಮೆ. ಅಳತೆಯಲ್ಲಿ ಹೇಳುವುದಾದರೆ ತಾಮ್ರಕ್ಕೆ 400, ಅಲ್ಯೂಮಿನಿಯಂಗೆ 237 ಆದರೆ ಗಾಳಿಗೆ ಬರೀ 0.026. ಒಳ್ಳೆಯ ಪೇಸ್ಟಿಗೆ ನಾಲ್ಕರಿಂದ ಎಂಟು. ಅಂದರೆ ಪೇಸ್ಟ್ ಲೋಹಕ್ಕಿಂತ ಬಹಳ ಕೀಳು, ಗಾಳಿಗಿಂತ ಬಹಳ ಮೇಲು! ಆದ್ದರಿಂದ ಹೆಚ್ಚು ಬಳಿದರೆ ಹೆಚ್ಚು ತಣ್ಣಗಾಗುತ್ತದೆ ಎಂಬುದು ತಪ್ಪು. ಬಟಾಣಿ ಕಾಳಿನಷ್ಟು ನಡುವೆ ಇಟ್ಟು, ಹೀಟ್‌ಸಿಂಕನ್ನು ನೇರವಾಗಿ ಕೂರಿಸಿದರೆ ಒತ್ತಡಕ್ಕೆ ತಾನೇ ಹರಡುತ್ತದೆ. ಹಳೆಯ, ಒಣಗಿ ಸುಣ್ಣದಂತಾದ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಪೂರ್ತಿ ಒರೆಸಿರಬೇಕು. ಹಲ್ಲಿನ ಪೇಸ್ಟ್ ಹಾಕಿದರೂ ನಡೆಯುತ್ತದೆ ಎನ್ನುವವರಿದ್ದಾರೆ. ನಡೆಯುತ್ತದೆ, ಅದು ಒಣಗುವ ತನಕ.

ಇಲ್ಲೊಂದು ಎಚ್ಚರಿಕೆ. ಎ.ಎಂ.ಡಿ.ಯ ಎ.ಎಂ.4 ಬಗೆಯ ಬೋರ್ಡುಗಳಲ್ಲಿ ಪೇಸ್ಟ್ ಅಂಟಾಗಿದ್ದರೆ, ಹೀಟ್‌ಸಿಂಕ್ ಎಳೆದಾಗ ಪ್ರೊಸೆಸರೂ ಸಾಕೆಟಿನಿಂದ ಕಿತ್ತು ಬರುತ್ತದೆ, ಕೆಳಗಿನ ಕೂದಲೆಳೆಯಂಥ ಪಿನ್ನುಗಳು ಬಾಗುತ್ತವೆ. ಬಿಚ್ಚುವ ಮುನ್ನ ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟನ್ನು ಮೆತ್ತಗೆ ಮಾಡಿ, ಆರಿಸಿ, ಪ್ಲಗ್ ತೆಗೆದು, ಹೀಟ್‌ಸಿಂಕನ್ನು ಮೇಲಕ್ಕೆ ಎಳೆಯದೆ ಎಡಕ್ಕೂ ಬಲಕ್ಕೂ ತಿರುಚುತ್ತ ಬಿಡಿಸಿ. ಇಂಟೆಲ್ ಜೊತೆಗೆ ಬರುವ ಹೀಟ್‌ಸಿಂಕಿನ ನಾಲ್ಕು ಪಿನ್ನುಗಳನ್ನು ಕರ್ಣದ ಜೋಡಿಯಾಗಿ ಒತ್ತಬೇಕು, ಪ್ರತಿಯೊಂದೂ 'ಟಕ್' ಎನ್ನಬೇಕು. ಹೊಸ ಹೀಟ್‌ಸಿಂಕ್ ಆದರೆ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿ. ನಗಬೇಡಿ, ಹಾಳೆಯ ಸಮೇತ ಕೂರಿಸಿದ ಯಂತ್ರಗಳು ರಿಪೇರಿಗೆ ಬರುತ್ತಲೇ ಇರುತ್ತವೆ.

ಸ್ಕ್ರೂಡ್ರೈವರ್ ಹಿಡಿಯಲು ಮನೆಯಲ್ಲಿ ಬಿಡದಿದ್ದರೆ ಕುಳಿತಲ್ಲೇ ಮಾಡುವ ಉಪಾಯಗಳೂ ಇವೆ. ಕ್ಯಾಬಿನೆಟನ್ನು ಮೇಜಿನ ಬಾಗಿಲು ಹಾಕಿದ ಗೂಡಿನಿಂದ ಹೊರಗೆ ತೆಗೆದು ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಕೆಲವು ಡಿಗ್ರಿ ಇಳಿಯುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು, ನೀವು ಏನೂ ಮಾಡದಿದ್ದಾಗಲೂ ಪ್ರೊಸೆಸರನ್ನು ನೂರಕ್ಕೆ ನೂರು ದುಡಿಸುತ್ತಿರುವುದು ಯಾವುದೆಂದು ನೋಡಿ. ಕದ್ದು ತಂದ ಆಟಗಳ ಜೊತೆ ಕ್ರಿಪ್ಟೋ ನಾಣ್ಯ ಅಗೆಯುವ ಕಳ್ಳ ತಂತ್ರಾಂಶ ಒಳಸೇರುವುದು ಅಪರೂಪವಲ್ಲ. ವಿಂಡೋಸಿನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ 'ಟರ್ಬೊ' ಓಟ ನಿಲ್ಲುತ್ತದೆ. ವೇಗ ಸ್ವಲ್ಪ ಕಡಿಮೆಯಾದರೂ ಬಿಸಿ ಬಹಳ ಇಳಿಯುತ್ತದೆ, ಏಕೆಂದರೆ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.3 ವೋಲ್ಟನ್ನು 1.2ಕ್ಕೆ ತಂದರೆ ಅಷ್ಟರಿಂದಲೇ ಶೇಕಡಾ 15ರಷ್ಟು ಉಳಿತಾಯ. ಬೇಸಿಗೆ ಕಳೆಯುವ ತನಕ ಇದು ಒಳ್ಳೆಯ ಉಪಾಯ.

ನೀರಿನ ಕೊಳವೆಯ ಕೂಲರ್ ಇರುವವರು ಕೊಳವೆಗಳನ್ನೂ ರೇಡಿಯೇಟರನ್ನೂ ಮುಟ್ಟಿ ನೋಡಿ. ಪ್ರೊಸೆಸರ್ ಸುಡುತ್ತಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ಪಂಪು ನಿಂತಿದೆ, ಅದನ್ನು ಬದಲಿಸದೆ ಗತಿಯಿಲ್ಲ. ಇಂಟೆಲಿನ 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್ ಇದ್ದು, ಬಿಸಿ ಸರಿಯಿದ್ದರೂ ತಂತ್ರಾಂಶಗಳು ಕುಸಿದು ಬೀಳುತ್ತಿದ್ದರೆ ಕಾರಣ ಬೇರೆ. ಅವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕೆಡುತ್ತಿದ್ದುದನ್ನು ಇಂಟೆಲ್ 2024ರಲ್ಲಿ ಒಪ್ಪಿ, ಆಗಸ್ಟಿನಲ್ಲಿ ತಿದ್ದುಪಡಿ ಹೊರಡಿಸಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂಥವರು ಬಯಾಸ್ ನವೀಕರಿಸಿ, ಬಿಲ್ಲು ಹುಡುಕಿಡಿ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಅಂಗಡಿಗೆ ಒಯ್ಯಿರಿ. ಆದರೆ ಬರಿಗೈಯಲ್ಲಿ ಹೋಗಬೇಡಿ. ಬಯಾಸ್ ಪರದೆಯಲ್ಲಿ ಕಂಡ ಅಂಕಿ, ಫ್ಯಾನಿನ ವೇಗ, ಹಚ್ಚಿದ ಎಷ್ಟು ನಿಮಿಷಕ್ಕೆ ಆರಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಎಸ್.ಎಸ್.ಡಿ.ಯನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ. 'ಬೋರ್ಡು ಹೋಗಿದೆ' ಎಂದರೆ, ಬೇರೊಂದು ಹೀಟ್‌ಸಿಂಕ್ ಮತ್ತು ಬೇರೊಂದು ಎಸ್.ಎಂ.ಪಿ.ಎಸ್. ಹಾಕಿ ನಿಮ್ಮೆದುರಿಗೇ ಹಚ್ಚಿ ತೋರಿಸಲು ಕೇಳಿ. ತೆಲುಗಿನಲ್ಲೇ ಕೇಳಿ, ನಿಮಗೆ ಅದು ಚೆನ್ನಾಗಿ ಬರುತ್ತದಲ್ಲ.